ಗಾಲಿಯ ಮೇಲಿನ ಟೀಚರ್

ಯಾರು ಸತ್ತುಹೋದರು ಅಂತ ಹೀಗೆ ಕೂತಿದ್ದೀಯ ಎಂದು ಜಲಜಾಕ್ಷಿ ಆ ಹುಡುಗನನ್ನು ಕೇಳಿದ್ದು ನಿನ್ನೆ ಮಧ್ಯಾಹ್ನ. ಕೇಳಿದ್ದೇನೋ ಇಂಗ್ಲಿಷಿನಲ್ಲಿ, ಆದರೆ ಮಾತು ಇಂಗ್ಲಿಷಿನದಾಗಿರಲಿಲ್ಲ. ಹೊಸದುರ್ಗದ ಮನೆಯಲ್ಲಿ ಮುಖ ಊದಿಸಿಕೊಂಡು ಮೂಲೆ ಹಿಡಿದ ಮಕ್ಕಳಿಗೆ ಅವಳ ಅಮ್ಮ ಆಡುತ್ತಿದ್ದ ಮಾತು ಅದು. ಆಮೇಲೆ ಬೆಂಗಳೂರಿನ ಸ್ಕೂಲಿನಲ್ಲಿ ಜಲಜಾಕ್ಷಿಯೇ ಎಷ್ಟೋ ಮಕ್ಕಳಿಗೆ ಆಡಿದ್ದಳು. ಏಳು, ಮುಖ ತೊಳ್ಕೋ, ಪುಸ್ತಕ ತೆಗಿ ಎನ್ನುವುದನ್ನೇ ಕೊಂಚ ಮುದ್ದಿನಿಂದ, ಕೊಂಚ ರೇಗಿನಿಂದ ಹೇಳುವ ಬಗೆ. ಯಾವ ಮಗುವೂ ಅದರೊಳಗೆ ಸಾವನ್ನು ಹುಡುಕಿರಲಿಲ್ಲ. ಅದನ್ನು ಹಾಗೇ ಎತ್ತಿ ಇಂಗ್ಲಿಷಿನಲ್ಲಿ ಇಟ್ಟರೆ ಏನಾಗುತ್ತದೆ ಎಂದು ಅವಳಿಗೆ ಗೊತ್ತಾದದ್ದು ಸಂಜೆ, ತಾನು ಆನ್‌ಲೈನಿನಲ್ಲಿ ಪಾಠ ಮಾಡುವ ಅಮೆರಿಕದ ಶಾಲೆಯ ಫೇಸ್‌ಬುಕ್ ಪುಟ ನೋಡಿದಾಗ. ಆ ಹುಡುಗ ಕೋಲ್ಟನ್‌ನ ತಂದೆ ಕೋವಿಡ್‌ನಿಂದ ತೀರಿಕೊಂಡರೆಂದೂ, ಅಲ್ಲಿಯ ಬೆಳಗಿನ ಮೊದಲ ಪೀರಿಯಡ್ಡಿನ ಹೊತ್ತಿಗೆ ಆಸ್ಪತ್ರೆಯಿಂದ ಫೋನ್ ಬಂತೆಂದೂ, ಊರಿನವರೆಲ್ಲ ಆ ಕುಟುಂಬದ ಜೊತೆ ನಿಲ್ಲಬೇಕೆಂದೂ ಬರೆದಿತ್ತು. ಮೊದಲ ಪೀರಿಯಡ್ ಅವಳದ್ದೇ. ಕೆಳಗೆ ಯಾರ್ಯಾರೋ ಹೃದಯದ ಚಿತ್ರಗಳನ್ನು ಹಾಕಿದ್ದರು. ತಾನೂ ಒಂದು ಹಾಕಲೇ ಎಂದು ಬೆರಳನ್ನು ಫೋನಿನ ಮೇಲೆ ಹಿಡಿದು ಬಹಳ ಹೊತ್ತು ಕೂತಿದ್ದಳು, ಹಾಕಲಿಲ್ಲ.

ಈಗ ಬೆಳಿಗ್ಗೆ, ಆಮ್‌ಸ್ಟರ್‌ಡಾಮಿನ ಪಕ್ಕದ ಆಲ್ಮೆರೆ ಊರಿನ ಫ್ಲಾಟಿನ ಅಡುಗೆಮನೆಯಲ್ಲಿ, ಹಾಲು ಉಕ್ಕಿ ಒಲೆಯ ಗಾಜಿನ ಮೇಲೆ ಹರಿದು ಸುಟ್ಟ ವಾಸನೆ ಬಂದ ಮೇಲೇ ಅವಳಿಗೆ ತಾನು ಒಲೆಯ ಮುಂದೆ ನಿಂತಿರುವುದು ಗೊತ್ತಾಯಿತು. ಗಂಡ ದಿವಾಕರ ಮಲಗುವ ಕೋಣೆಯಲ್ಲಿ ಇಸ್ತ್ರಿ ಮೇಜನ್ನೇ ಆಫೀಸು ಮಾಡಿಕೊಂಡು ವರ್ಷವಾಗುತ್ತ ಬಂದಿತ್ತು. ಮೇಲೆ ಇಸ್ತ್ರಿ ಮಾಡಿದ ಶರ್ಟು, ಕೆಳಗೆ ಲುಂಗಿ, ಕಾಲಿಗೆ ಉಣ್ಣೆಯ ಚೀಲ. ಕಾಫಿ ಕೊಡುತ್ತ ಅವಳು ಬಾಗಿಲಲ್ಲೇ ನಿಂತಳು.

"ರೀ, ನಾನು ಆ ಹುಡುಗನಿಗೆ ಹಂಗಂದಿದ್ದು ತಪ್ಪಾಯ್ತಲ್ವಾ?"

"ಮತ್ತೆ ಅದೇನಾ? ನಿಂಗೇನೇ ಗೊತ್ತಿತ್ತು? ಅವರಪ್ಪ ವೆಂಟಿಲೇಟರ್ ಮೇಲಿರೋದು ನಿಂಗ್ಯಾರಾದ್ರೂ ಹೇಳಿದ್ರಾ?"

"ಅದೇ ನಾನೂ ಕೇಳ್ತಿರೋದು. ಯಾಕೆ ಹೇಳ್ಲಿಲ್ಲ? ಇಡೀ ಊರಿಗೆ ಗೊತ್ತಿತ್ತಂತೆ."

"ಊರಲ್ಲಿ ಇರೋರಿಗೆ ಗೊತ್ತಿರುತ್ತೆ ಜಲಜಾ. ನೀನು ಇಲ್ಲಿದೀಯ," ಎಂದ ದಿವಾಕರ. ಹಾಗೆ ಹೇಳುವಾಗ ಅವನಲ್ಲಿ ಯಾವ ಕೆಡುಕೂ ಇರಲಿಲ್ಲ. ಲ್ಯಾಪ್‌ಟಾಪಿನೊಳಗಿಂದ ಯಾರೋ ಗುಡ್ ಮಾರ್ನಿಂಗ್ ಅಂದರು, ಅವನ ಮುಖ ಸಟ್ಟನೆ ಇನ್ನೊಂದು ಮುಖವಾಯಿತು, ಅವಳು ಬಾಗಿಲು ಎಳೆದುಕೊಂಡಳು.

ಮದುವೆಯಾದ ಹೊಸದರಲ್ಲಿ ಅತ್ತೆ ಅವಳ ನಾಲಗೆಯ ಮೇಲಿನ ಕಪ್ಪು ಮಚ್ಚೆ ನೋಡಿ, ಇವಳು ಯಾರನ್ನೂ ಬೈಯದ ಹಾಗೆ ನೋಡಿಕೊಳ್ಳಿ ಎಂದು ನಗುತ್ತಲೇ ಅಂದಿದ್ದರು. ಗಣಿತ ಎಂ.ಎಸ್ಸಿ. ಮಾಡಿದ ಸೊಸೆ ಅದಕ್ಕೆ ತಾನೂ ನಕ್ಕಿದ್ದಳು. ಈಗ ಬಚ್ಚಲುಮನೆಯ ಕನ್ನಡಿಯ ಮುಂದೆ ನಾಲಗೆ ಚಾಚಿ ನೋಡಿಕೊಂಡಳು. ಮಚ್ಚೆ ಹಾಗೇ ಇತ್ತು, ಮೆಣಸಿನ ಕಾಳಿನಷ್ಟು. ಆಡುವುದಕ್ಕೂ ಆಸ್ಪತ್ರೆಯಿಂದ ಫೋನು ಬರುವುದಕ್ಕೂ ಏನು ಸಂಬಂಧ, ಆ ಮನುಷ್ಯ ಎಷ್ಟೋ ದಿನದಿಂದ ಸಾಯುತ್ತಲೇ ಇದ್ದಿರಬೇಕು ಎಂದು ತನಗೇ ಹೇಳಿಕೊಂಡಳು. ಆದರೂ ಐವತ್ತರ ಹತ್ತಿರ ಬಂದ ಹೆಂಗಸೊಬ್ಬಳು ಮುಚ್ಚಿದ ಬಾಗಿಲಿನ ಹಿಂದೆ ನಾಲಗೆ ಚಾಚಿಕೊಂಡು ನಿಂತಿರುವುದು ಕನ್ನಡಿಯಲ್ಲಿ ಕಂಡು ನಾಚಿಕೆಯಾಗಿ ನಲ್ಲಿ ತಿರುಗಿಸಿದಳು.

ನಿನ್ನೆ ಆದದ್ದು ಇಷ್ಟು. ಕಾರ್ವರ್ ಕ್ರಾಸಿಂಗ್ ಎಂಬ ಆ ಊರು ಅಮೆರಿಕದ ನೆಬ್ರಾಸ್ಕದಲ್ಲಿ, ಜೋಳದ ಹೊಲಗಳ ನಡುವೆ ಯಾರೋ ಮರೆತು ಹೋದ ಹಾಗೆ ಇರುವ ಒಂದು ಊರು. ಅಲ್ಲಿಯ ಹೈಸ್ಕೂಲಿನ ಹತ್ತನೇ ಕ್ಲಾಸಿಗೆ ಅವಳು ಆಲ್ಮೆರೆಯ ಊಟದ ಮೇಜಿನಿಂದ ಗಣಿತ ಹೇಳಿಕೊಡುತ್ತಾಳೆ. ಇಲ್ಲಿ ಮಧ್ಯಾಹ್ನ ಇಳಿಯುವ ಹೊತ್ತಿಗೆ ಅಲ್ಲಿ ಬೆಳಗಿನ ಮೊದಲ ಗಂಟೆ. ಅಲ್ಲಿ ಅವಳು ಗಾಲಿ ಇರುವ ಒಂದು ಕಬ್ಬಿಣದ ಸ್ಟ್ಯಾಂಡಿನ ಮೇಲೆ ನಿಲ್ಲಿಸಿದ ದೊಡ್ಡ ಟೀವಿಯಲ್ಲಿರುತ್ತಾಳೆ. ಟೀವಿಯ ತಲೆಯ ಮೇಲಿನ ಕ್ಯಾಮೆರಾದಿಂದ ಅವಳಿಗೆ ಮುಂದಿನ ಎರಡು ಸಾಲು ಮಾತ್ರ ಕಾಣುತ್ತದೆ. ನಿನ್ನೆ ಕೋಲ್ಟನ್ ಮುಂದಿನ ಸಾಲಿನಲ್ಲಿ ಗಲ್ಲವನ್ನು ಡೆಸ್ಕಿಗೆ ಊರಿ ಕೂತಿದ್ದ. ಅಪವರ್ತನದ ಲೆಕ್ಕ ಕೊಟ್ಟರೆ ಪೆನ್ಸಿಲ್ ಮುಟ್ಟಲಿಲ್ಲ. ಹೆಸರು ಹಿಡಿದು ಕರೆದರೂ ತಲೆ ಎತ್ತಲಿಲ್ಲ. ಅವಳು ಆ ಮಾತು ಅಂದಳು. ಅಂದು ಬೋರ್ಡಿನ ಕಡೆ, ಅಂದರೆ ತನ್ನ ಮುಂದಿದ್ದ ಟ್ಯಾಬ್ಲೆಟಿನ ಕಡೆ ತಿರುಗಿದಳು. ಮತ್ತೆ ನೋಡಿದಾಗ ಪ್ರಿನ್ಸಿಪಾಲ್ ಕ್ರೂಗರ್ ಟೋಪಿಯನ್ನು ಕೈಯಲ್ಲಿ ಹಿಡಿದುಕೊಂಡು ಹುಡುಗನ ಪಕ್ಕ ಬಗ್ಗಿದ್ದರು. ಹುಡುಗ ಎದ್ದ. ಕುರ್ಚಿ ಬಿದ್ದದ್ದು ಕಂಡಿತು, ಸದ್ದು ಕೇಳಲಿಲ್ಲ. ಮಕ್ಕಳ ಗದ್ದಲ ನಿಮಗೆ ತೊಂದರೆ, ಹಾಜರಿಯ ಹೊತ್ತಿಗೆ, ಆಮೇಲೆ ಏನಾದರೂ ಪ್ರಶ್ನೆ ಇದ್ದರೆ ಮಾತ್ರ ನಮ್ಮ ಕಡೆಯ ಮೈಕ್ ಹಾಕುತ್ತೇವೆ ಎಂದು ಮೊದಲ ವಾರವೇ ಅವರು ಹೇಳಿದ್ದರು. ಮಕ್ಕಳು ಒಬ್ಬೊಬ್ಬರಾಗಿ ಎದ್ದು ಕೋಲ್ಟನ್‌ನ ಸುತ್ತ ನಿಂತರು. ಮಾಸ್ಕುಗಳು, ಬೆನ್ನುಗಳು, ಒಂದರ ಮೇಲೊಂದು ಕೈಗಳು. ಕ್ಲಾಸನ್ನು ನೋಡಿಕೊಳ್ಳುವ ಶೆಲ್ಬಿಯ ಕೆಂಪು ಸ್ವೆಟರು ಅವರ ನಡುವೆ ನುಗ್ಗಿತು. ಜಲಜಾಕ್ಷಿ ವಾಟ್ ಹ್ಯಾಪನ್ಡ್, ವಾಟ್ ಹ್ಯಾಪನ್ಡ್ ಶೆಲ್ಬಿ ಎಂದು ಕೇಳುತ್ತಲೇ ಇದ್ದಳು. ಯಾರೂ ಟೀವಿಯ ಕಡೆ ತಿರುಗಲಿಲ್ಲ. ಏನು ಮಾಡುವುದೆಂದು ತೋಚದೆ, ಸುಮ್ಮನಿರಲೂ ಆಗದೆ, ಅವಳು ಲೆಕ್ಕವನ್ನು ಮುಂದುವರಿಸಿದಳು. ಹೌದು, ಮುಂದುವರಿಸಿದಳು. ಎಕ್ಸ್ ಪ್ಲಸ್ ತ್ರೀ, ಎಕ್ಸ್ ಮೈನಸ್ ಫೈವ್ ಎನ್ನುತ್ತಿದ್ದಂತೆ ಯಾರದೋ ತೋಳು ಟೀವಿಗೆ ತಗುಲಿ ಕ್ಯಾಮೆರಾ ಗೋಡೆಯ ಕಡೆ ತಿರುಗಿತು. ಪೀರಿಯಡ್ ಮುಗಿಯುವವರೆಗೂ ಅವಳು ಆ ತಿಳಿಹಸಿರು ಗೋಡೆಯನ್ನು ನೋಡುತ್ತ ಕೂತಿದ್ದಳು.

ಆ ಗೋಡೆ ಅವಳಿಗೆ ಗೊತ್ತು. ಆ ಕೋಣೆಯಲ್ಲೇ ಅವಳು ಮೈಯಿದ್ದ ಟೀಚರಾಗಿ ನಾಲ್ಕು ವರ್ಷ ನಿಂತಿದ್ದಳು. ಏಜೆನ್ಸಿಯೊಂದು ಬೆಂಗಳೂರಿನಿಂದ ಗಣಿತದ ಮೇಷ್ಟರುಗಳನ್ನು ಆರಿಸಿ, ಯಾರೂ ಹೋಗಲು ಒಪ್ಪದ ಅಮೆರಿಕದ ಹಳ್ಳಿ ಶಾಲೆಗಳಿಗೆ ಕಳಿಸುತ್ತಿದ್ದ ಕಾಲ ಅದು. ದಿವಾಕರ ಬೆಂಗಳೂರಿನಲ್ಲೇ ಉಳಿದ, ಅವಳು ನಾಲ್ಕು ವರ್ಷದ ಮಗಳು ಸ್ಮೃತಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಹೋದಳು. ಜಲಜಾಕ್ಷಿ ಎಂಬ ಹೆಸರು ಮೊದಲ ದಿನವೇ ಮುರಿದು ಮಿಸ್ ಜೇ ಆಯಿತು. ಬೇಜಾರಾಗಲಿಲ್ಲ, ಆ ಹೆಸರಿನಲ್ಲಿ ಅವಳು ಇನ್ನಷ್ಟು ಎತ್ತರವಾದಳು ಎಂದೇ ಅವಳಿಗೆ ಅನ್ನಿಸುತ್ತಿತ್ತು. ಊಟದ ಕೋಣೆಯ ಹೆಂಗಸು ಇವಳಿಗಾಗಿಯೇ ಮಾಂಸವಿಲ್ಲದ ಪೀಟ್ಸಾ ಎತ್ತಿಡುತ್ತಿದ್ದಳು. ಬೇಟೆಯ ಋತುವಿನಲ್ಲಿ ಹುಡುಗರು ಕಿತ್ತಳೆ ಬಣ್ಣದ ಜಾಕೆಟ್ಟಿನಲ್ಲೇ ಕ್ಲಾಸಿಗೆ ಬಂದು, ಬೂಟಿನ ಮಣ್ಣನ್ನು ಅವಳ ನೆಲದ ಮೇಲೆ ಉದುರಿಸಿ ಸಾರಿ ಮಿಸ್ ಜೇ ಅನ್ನುತ್ತಿದ್ದರು. ಕಾರಿಡಾರಿನ ಉದ್ದಕ್ಕೂ ವರ್ಷ ವರ್ಷ ಪಾಸಾದವರ ಫೋಟೋಗಳು. ಮೊದಲ ಚೌಕಟ್ಟುಗಳಲ್ಲಿ ಜಾಗ ಸಾಲದೆ ಭುಜಕ್ಕೆ ಭುಜ ಒತ್ತಿ ನಿಂತ ಹುಡುಗ ಹುಡುಗಿಯರು. ಬಾಗಿಲಿನ ಕಡೆ ನಡೆದಂತೆ ಮುಖಗಳು ಕಮ್ಮಿಯಾಗುತ್ತ, ಅವುಗಳ ನಡುವಿನ ಬಿಳಿ ಜಾಗ ಅಗಲವಾಗುತ್ತ ಹೋಗುತ್ತಿತ್ತು. ಊರಿನವರಿಗೆ ಅದು ಅಭ್ಯಾಸವಾಗಿತ್ತು. ಅವಳು ಮಾತ್ರ ದಿನಾ ಬೆಳಿಗ್ಗೆ ಆ ಗೋಡೆಯನ್ನು ದಾಟುವಾಗ ಒಂದು ಸರಣಿ ಸೊನ್ನೆಯ ಕಡೆ ನಡೆಯುವುದನ್ನು ಕಣ್ಣಾರೆ ಕಾಣುತ್ತಿದ್ದಳು.

ಶೆಲ್ಬಿ ಆಗ ಹತ್ತನೇ ಕ್ಲಾಸು, ಈಗ ಕೋಲ್ಟನ್ ಕೂರುವ ಸಾಲಿನಲ್ಲೇ ಕೂರುತ್ತಿದ್ದಳು. ಜೋಳದ ಕೊಯ್ಲಿನ ಕಾಲದಲ್ಲಿ ಒಂದು ದಿನ ಅವಳ ಅಣ್ಣ ಕಾಳಿನ ಕಣಜದೊಳಗೆ ಇಳಿದವನು ಕಾಳಿನಲ್ಲೇ ಹೂತುಹೋದ. ಆಗಲೂ ಬಾಗಿಲು ತೆರೆದು ಯಾರೋ ಒಳಗೆ ಬಂದರು, ಆಗಲೂ ಕುರ್ಚಿ ಬಿತ್ತು. ಆದರೆ ಶೆಲ್ಬಿ ಬಾಗಿಲಿನ ಕಡೆ ಹೋಗದೆ ನೇರ ಬೋರ್ಡಿನ ಹತ್ತಿರ ಓಡಿಬಂದು ಮಿಸ್ ಜೇಯ ಹೊಟ್ಟೆಗೆ ಮುಖ ಒತ್ತಿದ್ದಳು. ಆ ಹುಡುಗಿಯ ಕೂದಲಲ್ಲಿ ಸೇಬಿನ ಶಾಂಪೂ, ಅದರಡಿ ಕೊಟ್ಟಿಗೆಯ ವಾಸನೆ. ಇಂಗ್ಲಿಷಿನಲ್ಲಿ ಒಂದು ಮಾತೂ ಹೊಳೆಯಲಿಲ್ಲ. ಅಳಬೇಡ ಕಣೇ, ಅಳಬೇಡ ಕಣೇ ಎಂದು ಕನ್ನಡದಲ್ಲಿ ಅನ್ನುತ್ತ, ಸೀಮೆಸುಣ್ಣದ ಕೈಯಲ್ಲಿ ಬೆನ್ನು ಸವರುತ್ತ ನಿಂತಿದ್ದಳು, ಹುಡುಗಿಯ ಕಪ್ಪು ಅಂಗಿಯ ತುಂಬ ಬಿಳಿ ಬೆರಳುಗಳಾಗುವವರೆಗೆ. ಆ ದಿನ ತಾನು ಏನೂ ಹೇಳಿರಲಿಲ್ಲ, ಆದರೂ ಎಲ್ಲ ಹೇಳಿದ ಹಾಗಿತ್ತು. ನಿನ್ನೆ ಹೇಳಿದಳು. ಎಂಥ ಮಾತು ಹೇಳಿದಳು.

ವೀಸಾ ಮುಗಿದ ಮೇಲೆ ದಿವಾಕರನಿಗೆ ಆಮ್‌ಸ್ಟರ್‌ಡಾಮಿನಲ್ಲಿ ಕೆಲಸವಾಗಿ ಎಲ್ಲರೂ ಇಲ್ಲಿಗೆ ಬಂದರು. ಇಲ್ಲಿಯ ಶಾಲೆಗಳಿಗೆ ಡಚ್ ಬೇಕು. ಭಾಷೆಯ ಕ್ಲಾಸಿನಲ್ಲಿ ಕಲಿಸುತ್ತಿದ್ದ, ತನ್ನ ಅರ್ಧ ವಯಸ್ಸಿನ ಹುಡುಗಿ ಗಂಟಲಿನಿಂದ ಕೆರೆದು ಹೊರಡಿಸುವ ಆ ಗ ಅಕ್ಷರವನ್ನು ಅವಳಿಂದ ಮತ್ತೆ ಮತ್ತೆ ಅನ್ನಿಸಿ, ಕೊನೆಗೆ ಹೋಗಲಿ ಬಿಡಿ ಎಂದು ನಕ್ಕಳು. ಅಲ್ಲಿಗೆ ಜಲಜಾಕ್ಷಿ ಟೀಚರ್ ಆಗಿರುವುದನ್ನು ಬಿಟ್ಟಳು. ಏಳು ವರ್ಷ ಅವಳು ಯಾರಿಗೂ ಏನನ್ನೂ ಹೇಳಿಕೊಟ್ಟಿರಲಿಲ್ಲ. ಹಾಗಿರುವಾಗ ಕಳೆದ ಶರತ್ಕಾಲದಲ್ಲಿ ಕ್ರೂಗರ್ ಅವರ ಕರೆ ಬಂತು. ಗಣಿತದ ಮೇಷ್ಟರು ಬಿಟ್ಟುಹೋಗಿದ್ದಾರೆ, ಈ ರೋಗದ ಕಾಲದಲ್ಲಿ ಯಾರೂ ಬರುತ್ತಿಲ್ಲ, ಶಾಲೆಯನ್ನೇ ಮುಚ್ಚಿ ಮಕ್ಕಳನ್ನು ಬಸ್ಸಿನಲ್ಲಿ ದೂರದ ಊರಿಗೆ ಕಳಿಸುವ ಮಾತು ನಡೆದಿದೆ, ನೀವು ಸ್ಕ್ರೀನ್ ಮೇಲೆ ಬಂದರೂ ಸಾಕು ಎಂದರು. ಫೋನಿಟ್ಟು ಅವಳು ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅತ್ತಿದ್ದಳು. ಮೊದಲ ದಿನ ಮುಖಕ್ಕೆ ಪೌಡರ್ ಹಾಕಿ, ಆ ಕಾಲದ ನೀಲಿ ಸೀರೆಯನ್ನೇ ಹುಡುಕಿ ಉಟ್ಟುಕೊಂಡು ಕೂತರೆ ಪರದೆಯಲ್ಲಿ ಕಾಣಿಸಿದವಳು ಶೆಲ್ಬಿ. ಲಿಂಕನ್ ನಗರದ ಕಾಲೇಜಿಗೆ ಹೋಗಲು ಮಿಸ್ ಜೇಯೇ ಶಿಫಾರಸು ಬರೆದುಕೊಟ್ಟಿದ್ದ ಹುಡುಗಿ. ಒಂದು ವರ್ಷಕ್ಕೇ ಬಿಟ್ಟು ಊರಿಗೆ ಮರಳಿ, ಒಂದು ಮಗುವಾಗಿ, ಅದೇ ಶಾಲೆಯಲ್ಲಿ ಸಹಾಯಕಿಯಾಗಿದ್ದಳು. ಆ ದಿನ ಶೆಲ್ಬಿ ಖುಷಿಯಿಂದ ಟೀವಿಯ ಸ್ಟ್ಯಾಂಡನ್ನು ತಳ್ಳಿಕೊಂಡು ಕಾರಿಡಾರಿನ ಉದ್ದಕ್ಕೂ ಅವಳನ್ನು ಕರೆದೊಯ್ದಳು. ನೋಡಿ ಮಿಸ್ ಜೇ, ನಿಮ್ಮ ಫೋಟೋ ಇನ್ನೂ ಇದೆ. ಗಾಲಿ ಗಡಗಡ ಎನ್ನುತ್ತ, ಛಾವಣಿಯ ದೀಪಗಳು ಒಂದೊಂದಾಗಿ ಹಿಂದೆ ಸರಿಯುತ್ತ, ಆಪರೇಷನ್ನಿಗೆ ಒಯ್ಯುತ್ತಿರುವ ರೋಗಿಯ ಹಾಗೆ ಅವಳು ಆ ಮುಖಗಳನ್ನೆಲ್ಲ ದಾಟಿದ್ದಳು.

ಕಿಟಕಿಯ ಹೊರಗೆ ಕಾಲುವೆ ಗಟ್ಟಿಯಾಗಿತ್ತು. ವರ್ಷಗಳ ಮೇಲೆ ಇಂಥ ಚಳಿ ಬಿದ್ದು ನೀರು ಹೆಪ್ಪುಗಟ್ಟಿದೆ ಎಂದು ಇಲ್ಲಿಯವರಿಗೆ ಹಬ್ಬ. ಅಂಗಡಿಗಳು ಮುಚ್ಚಿವೆ, ಶಾಲೆಗಳು ಮುಚ್ಚಿವೆ, ರಾತ್ರಿ ಹೊರಗೆ ಬರುವ ಹಾಗಿಲ್ಲ. ಹಗಲು ಮಾತ್ರ ಜನ ಸ್ಕೇಟ್ ಕಟ್ಟಿಕೊಂಡು ಕೈ ಬೆನ್ನ ಹಿಂದೆ ಕಟ್ಟಿ ಸುಯ್ಯೆಂದು ಜಾರಿ ಹೋಗುತ್ತಿದ್ದರು. ಬದನೆಕಾಯಿ ಹೆಚ್ಚುತ್ತ ಅವಳು ಕೋಲ್ಟನ್‌ಗೆ ಹೇಳಬೇಕಾದ ವಾಕ್ಯವನ್ನು ಕಟ್ಟುತ್ತಿದ್ದಳು. ನಮ್ಮ ಭಾಷೆಯಲ್ಲಿ ಹಾಗಂದರೆ ಅರ್ಥ ಬೇರೆ ಎಂದರೆ ನೆಪವಾಗುತ್ತದೆ. ನನಗೆ ಗೊತ್ತಿರಲಿಲ್ಲ ಎಂದರೆ ಅದೂ ನೆಪ. ನನ್ನನ್ನು ಕ್ಷಮಿಸು ಎಂದರೆ ಅಪ್ಪನನ್ನು ಕಳಕೊಂಡವನ ಮುಂದೆ ಹೋಗಿ ನನ್ನನ್ನು ನೋಡು ಅಂದ ಹಾಗೆ. ಆ ಹುಡುಗ ಮುದುಕನಾಗುವವರೆಗೂ ತನ್ನಪ್ಪ ಸತ್ತ ಬೆಳಗನ್ನು ನೆನೆದಾಗೆಲ್ಲ ಟೀವಿಯೊಳಗಿನ ಕಂದು ಮುಖವೊಂದು ಯಾರು ಸತ್ತರು ಎಂದು ಕೇಳುತ್ತಲೇ ಇರುತ್ತದೆ. ಬದನೆಕಾಯಿ ನೀರಿಗೆ ಹಾಕದೆ ಕಪ್ಪಗಾಗಿತ್ತು.

ಆಗ ಫೋನ್ ಬಂತು. ಸ್ಮೃತಿಯ ಶಾಲೆಯ ಮೆಂಟರ್, ಅವಳ ಕ್ಲಾಸಿನ ಹೊಣೆ ಹೊತ್ತ ಮೇಷ್ಟರು. ಜಲಜಾಕ್ಷಿಯ ಡಚ್ಚನ್ನು ಎರಡು ವಾಕ್ಯ ಕೇಳಿ ಆತ ಇಂಗ್ಲಿಷಿಗೆ ಇಳಿದ. ಸ್ಮೃತಿ ಜನವರಿಯಿಂದ ಆನ್‌ಲೈನ್ ಪಾಠಕ್ಕೆ ಹೆಸರಿಗೆ ಮಾತ್ರ ಬರುತ್ತಿದ್ದಾಳೆ, ಕ್ಯಾಮೆರಾ ಹಾಕುವುದಿಲ್ಲ, ಕರೆದರೆ ಉತ್ತರವಿಲ್ಲ, ಒಂದು ಹೋಮ್‌ವರ್ಕೂ ಕೊಟ್ಟಿಲ್ಲ. ನಿಮಗೆ ಗೊತ್ತಿದೆ ಅಂದುಕೊಂಡೆ ಎಂದ.

"ಇಲ್ಲ, ಗೊತ್ತಿರಲಿಲ್ಲ," ಎಂದಳು ಜಲಜಾಕ್ಷಿ.

"ನೀವು ಹಗಲೆಲ್ಲ ಮನೆಯಲ್ಲೇ ಇರ್ತೀರಲ್ಲ?"

"ಇರ್ತೀನಿ. ನಾನೂ ಟೀಚರ್. ಮಧ್ಯಾಹ್ನ ಪಾಠ ಮಾಡ್ತೀನಿ, ಅಮೆರಿಕಕ್ಕೆ."

"ಓ," ಎಂದ ಆತ. ಆ ಓ ಎಂಬ ಒಂದಕ್ಷರ ಬಹಳ ಹೊತ್ತು ಅವಳ ಕಿವಿಯಲ್ಲಿ ಉಳಿಯಿತು. ನಿಂದಿಸಿದ್ದರೆ ಉತ್ತರ ಕೊಡಬಹುದಿತ್ತು.

ಸ್ಮೃತಿಯ ಕೋಣೆಗೂ ಊಟದ ಮೇಜಿಗೂ ನಡುವೆ ಇದ್ದದ್ದು ಒಂದು ತೆಳು ಗೋಡೆ. ಆ ಗೋಡೆಗೆ ಬೆನ್ನು ಕೊಟ್ಟು ಅವಳು ದಿನಾ ಪಾಠ ಮಾಡುತ್ತಿದ್ದಳು. ಬಾಗಿಲು ತಟ್ಟಿ ತೆರೆದಳು. ಪರದೆ ಎಳೆದು ಕತ್ತಲೆ ಮಾಡಿದ ಕೋಣೆಯಲ್ಲಿ ಹದಿನಾರರ ಹುಡುಗಿ ರಜಾಯಿ ಹೊದ್ದು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ದಿಂಬಿನ ಪಕ್ಕ ಲ್ಯಾಪ್‌ಟಾಪ್ ತೆರೆದಿತ್ತು. ಅದರೊಳಗೆ ಒಬ್ಬ ಮೇಷ್ಟರು ಬಾಯಿ ತೆರೆದು ಮುಚ್ಚುತ್ತ ಭೂಪಟವನ್ನು ತೋರಿಸುತ್ತಿದ್ದರು, ಸದ್ದಿರಲಿಲ್ಲ. ತಲೆ ಬಾಚಿ ಎಷ್ಟು ದಿನವಾಗಿತ್ತೋ. ನೆಲದ ಮೇಲೆ ಜಲಜಾಕ್ಷಿಯೇ ತಂದಿಟ್ಟಿದ್ದ ತಟ್ಟೆಗಳು ಒಂದರ ಮೇಲೊಂದು. ದಿನಾ ಊಟ ತಂದಿಡುವಾಗ ತಾನು ಇದೆಲ್ಲವನ್ನೂ ನೋಡಿದ್ದಳು, ಬಾಗಿಲಲ್ಲಿ ನಿಂತು ಚೆನ್ನಾಗಿ ಓದ್ಕೋ ಎಂದು ಹೇಳಿ ತನ್ನ ಸೀರೆಯ ನೆರಿಗೆ ಸರಿಮಾಡಿಕೊಳ್ಳಲು ಹೋಗಿದ್ದಳು.

"ಸ್ಮೃತಿ, ನಿಮ್ಮ ಮೆಂಟರ್ ಫೋನ್ ಮಾಡಿದ್ರು ಕಣೇ."

"I know. ಮೇಲ್ ಬಂದಿತ್ತು."

"ಯಾಕಮ್ಮ ಹೀಗ್ ಮಾಡ್ತಿದೀಯ? ನಂಗೆ ಹೇಳ್ಬಾರ್ದಾ?"

ಹುಡುಗಿ ತಿರುಗಲಿಲ್ಲ. "ಏನಂತ ಹೇಳ್ಲಿ? ಅವ್ರು ಸುಮ್ನೆ ಮಾತಾಡ್ತಾನೇ ಇರ್ತಾರೆ ಅಮ್ಮ. Nobody's there. ಒಂದಿನ ನಾನು ಇಡೀ ಕ್ಲಾಸು ಅಳ್ತಿದ್ದೆ. ಕ್ಯಾಮೆರಾ on ಇತ್ತು. ಸರ್ ನೋಡಿದ್ರು. Next slide ಅಂದ್ರು."

ಜಲಜಾಕ್ಷಿ ಮಂಚದ ತುದಿಯಲ್ಲಿ ಕೂತಳು. ಕೇಳಬೇಕಿತ್ತು, ಯಾಕೆ ಅಳ್ತಿದ್ದೆ ಎಂದು. ಆ ಒಂದು ಪ್ರಶ್ನೆ ಬಾಯಲ್ಲಿ ಬಂದು ನಿಂತಿತ್ತು. ಆದರೆ ಅದಕ್ಕೆ ಇನ್ನೇನೋ ಅಡ್ಡ ಬಂತು, ನಾಚಿಕೆಯೋ, ಮೆಂಟರನ ಓ ಎಂಬ ಸದ್ದೋ. "ಅವ್ರಿಗೂ ಕಷ್ಟ ಇರುತ್ತೆ ಪುಟ್ಟ. ಆ ಕಡೆಯಿಂದ ಏನೂ ಕಾಣ್ಸಲ್ಲ," ಎಂದಳು. ಮಗಳ ತಾಯಿಯಾಗಿ ಹೋದವಳು ಆ ಮೇಷ್ಟರ ಪರ ವಾದಿಸುತ್ತಿದ್ದಳು. ಸ್ಮೃತಿ ರಜಾಯಿಯನ್ನು ಕಿವಿಯವರೆಗೆ ಎಳೆದುಕೊಂಡಳು. ಬೆನ್ನು ಸವರಲು ಹೋದ ಕೈಗೆ ರಜಾಯಿಯ ದಪ್ಪ ಮಾತ್ರ ಸಿಕ್ಕಿತು. ಕಾರ್ವರ್ ಕ್ರಾಸಿಂಗಿನ ಒಂದನೇ ಕ್ಲಾಸಿನಿಂದ ಓಡಿಬಂದು, ಹೈಸ್ಕೂಲಿನ ಕಿಟಕಿಗೆ ಮೂಗು ಒತ್ತಿ ಅಮ್ಮನ ಪಾಠ ಮುಗಿಯುವುದನ್ನು ಕಾಯುತ್ತಿದ್ದ ಮಗು ಇವಳೇ. ಆಗ ಒಳಗಿನಿಂದ ತಾನು ಬೆರಳೆತ್ತಿ ಇನ್ನೊಂದು ಸ್ವಲ್ಪ ಎಂದು ಸನ್ನೆ ಮಾಡುತ್ತಿದ್ದಳು. ತಟ್ಟೆಗಳನ್ನು ಎತ್ತಿಕೊಂಡು ಎದ್ದಳು. ಸಂಜೆ ಕೂತು ಮಾತಾಡೋಣ ಎಂದಳು.

ಪಾಠಕ್ಕೆ ಇನ್ನೂ ಹೊತ್ತಿರುವಾಗಲೇ ಮೇಜಿನ ಮುಂದೆ ಕೂತು ಅವಳು ಶೆಲ್ಬಿಗೆ ಕರೆ ಮಾಡಿದಳು. ಶೆಲ್ಬಿ ಆಗಷ್ಟೇ ಶಾಲೆಯ ಮುಂದೆ ಪಿಕಪ್ ನಿಲ್ಲಿಸಿದ್ದಳು. ಹಿಂದಿನ ಸೀಟಿನಲ್ಲಿ ಮಗು ಏನೋ ಕೇಳುತ್ತಿತ್ತು. ಕೋಲ್ಟನ್ ಹೇಗಿದ್ದಾನೆ ಎಂದು ಕೇಳಿದ್ದಕ್ಕೆ, ಮನೆಯಲ್ಲಿದ್ದಾನೆ, ಊರಿನವರೆಲ್ಲ ಊಟ ತಂದುಕೊಡುತ್ತಿದ್ದಾರೆ, ಹಸುಗಳನ್ನು ಇವತ್ತು ತನ್ನ ಗಂಡ ಹೋಗಿ ನೋಡಿಕೊಂಡ ಎಂದಳು. ಊರು ತನ್ನ ಕೆಲಸವನ್ನು ತಾನು ಮಾಡಿಕೊಳ್ಳುತ್ತಿತ್ತು.

"ಶೆಲ್ಬಿ, ನಿನ್ನೆ ನಾನು ಅವನಿಗೆ ಒಂದು ಮಾತು ಅಂದೆ," ಎಂದು ಜಲಜಾಕ್ಷಿ ಶುರುಮಾಡಿದಳು. ಬೆಳಗಿನಿಂದ ಕಟ್ಟಿದ ವಾಕ್ಯಗಳೆಲ್ಲ ಕೈಕೊಟ್ಟವು. "ಕ್ರೂಗರ್ ಬರೋದಕ್ಕೆ ಸ್ವಲ್ಪ ಮುಂಚೆ. ಯಾರು ಸತ್ತರು ಅಂತ ಹೀಗೆ ಕೂತಿದ್ದೀಯ ಅಂದುಬಿಟ್ಟೆ. ನಮ್ಮ ಕಡೆ ಸುಮ್ಮನೆ ಅನ್ನೋ ಮಾತು ಅದು. ಅವನಿಗೆ ನಾನು ಹೇಗೆ ಮುಖ ತೋರಿಸಲಿ? ನೀನು ಹೇಳು, ಅವರ ಮನೆಗೆ ಫೋನ್ ಮಾಡಲಾ? ಅವನ ತಾಯಿಗೆ ನಾನೇ ಹೇಳ್ತೀನಿ."

ಶೆಲ್ಬಿ ಪಿಕಪ್ಪಿನಿಂದ ಇಳಿದು ಬಾಗಿಲು ಹಾಕಿದ ಸದ್ದು ಬಂತು.

"ಮಿಸ್ ಜೇ, ನೀವು ಅದನ್ನ ಮನಸ್ಸಿಗೆ ಹಚ್ಚಿಕೋಬೇಡಿ. ಅವನಿಗೆ ಕೇಳಿಸಿಲ್ಲ."

"ಕೇಳಿಸಿರುತ್ತೆ. ಮುಂದಿನ ಸಾಲಿನಲ್ಲೇ ಇದ್ದ."

"ಇಲ್ಲ, ಯಾರಿಗೂ ಕೇಳಿಸಿಲ್ಲ." ಶೆಲ್ಬಿ ಉಸಿರು ಎಳೆದುಕೊಂಡಳು. ಸಮಾಧಾನ ಹೇಳಬೇಕೆಂಬ ಆತುರದಲ್ಲಿ, ಹೇಳಬಾರದ್ದನ್ನು ಹೇಳುತ್ತಿದ್ದೇನೆಂದು ಅವಳಿಗೆ ಆಗ ಗೊತ್ತಾಗಿರಲಿಕ್ಕಿಲ್ಲ. "ಟೀವಿಯ ಸೌಂಡ್ ಆಫ್ ಆಗಿತ್ತು. ನಾನೇ ಮಾಡಿದ್ದೆ. ಹಾಜರಿ ಆದಮೇಲೆ ಮಾಡ್ತೀನಿ."

"ನಿನ್ನೆ?"

"ಮಿಸ್ ಜೇ..."

"ನಿನ್ನೆ ಮಾತ್ರಾನಾ ಶೆಲ್ಬಿ?"

"ಆ ರೂಮಲ್ಲಿ ಸದ್ದು ಗೊಳ್ ಅಂತ ಮಾರ್ದನಿ ಹೊಡೆಯುತ್ತೆ. ಮಕ್ಕಳು ತಲೆನೋವು ಅಂತಿದ್ರು, ನಗ್ತಿದ್ರು, ನೀವು ಹೇಳೋ ಥರಾನೇ ಹೇಳಿ ಆಡ್ಕೊಳ್ತಿದ್ರು. ನಂಗೆ ಅದು ಸಹಿಸ್ಲಿಕ್ಕೆ ಆಗ್ಲಿಲ್ಲ. ನವೆಂಬರಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮುಂಚೆ ಒಂದಿನ ಆಫ್ ಮಾಡ್ದೆ, ರೂಮು ಶಾಂತ ಆಯ್ತು. ಅವ್ರು ಫೋನಲ್ಲಿ ಉತ್ತರ ಹುಡ್ಕಿ ಶೀಟ್ ತುಂಬಿಸ್ತಾರೆ. ಕೊನೆಗೆ ಒಂದು ಸಲ ಮತ್ತೆ ಆನ್ ಮಾಡ್ತೀನಿ, ನೀವು ಬೈ ಹೇಳೋಕೆ." ಅವಳ ದನಿ ಸಣ್ಣದಾಯಿತು. "ನಾನು ನಿಮ್ಮನ್ನ ಕಾಪಾಡ್ತಿದೀನಿ ಅಂದ್ಕೊಂಡಿದ್ದೆ. ಶಾಲೆಗೆ ಒಬ್ಬ ಗಣಿತದ ಟೀಚರ್ ಇರ್ಬೇಕು, ಇಲ್ಲದಿದ್ರೆ ಮುಚ್ತಾರೆ. ನೀವು ಇದೀರಿ. ಅಷ್ಟು ಸಾಕಾಗಿತ್ತು."

ಜಲಜಾಕ್ಷಿಗೆ ಸಿಟ್ಟು ಬರಬೇಕಿತ್ತು. ಬೆಳಗಿನಿಂದ ಹೊತ್ತಿದ್ದ ಭಾರ ಇಳಿದು ಹಗುರವಾದರೂ ಆಗಬೇಕಿತ್ತು. ಆ ಹುಡುಗನ ಎದೆಯಲ್ಲಿ ತನ್ನ ಮಾತು ನಾಟಿಲ್ಲ, ಅವನು ಮುದುಕನಾದಾಗ ನೆನೆಯುವ ಬೆಳಗಿನಲ್ಲಿ ತಾನಿರುವುದಿಲ್ಲ. ಅವಳಿಗೆ ಬೇಕಾಗಿದ್ದದ್ದು ಅದೇ ಅಲ್ಲವೇ. ಆದರೆ ಆ ಅಪರಾಧವೂ ಕೈಜಾರಿದ ಮೇಲೆ ಹಿಡಿದುಕೊಳ್ಳಲು ಅವಳ ಹತ್ತಿರ ಏನೂ ಉಳಿಯಲಿಲ್ಲ. ಡಿಸೆಂಬರಿನಲ್ಲಿ ಒಂದು ದಿನ ಜ್ವರ ಇದ್ದರೂ, ಗಂಟಲು ಕಟ್ಟಿದ್ದರೂ, ಬಿಸಿನೀರು ಕುಡಿಯುತ್ತ ಅವಳು ಶ್ರೇಢಿಯ ಮೊತ್ತವನ್ನು ಮೂರು ಸಲ ಮೂರು ಥರ ವಿವರಿಸಿದ್ದಳು. ಹಿಂದಿನ ಸಾಲಿನ ಹುಡುಗಿಯೊಬ್ಬಳು ಮುಂದೆ ಬಂದು ಕೂತು ತಲೆಯಾಡಿಸಿದ್ದಳು. ಅರ್ಥವಾಯಿತು ಎಂದು ಇವಳ ಎದೆ ತುಂಬಿತ್ತು. ಆ ಹುಡುಗಿ ಕೂದಲಿನ ಮರೆಯಲ್ಲಿ ಕಿವಿಗೆ ಹಾಡು ಕೇಳುವ ಇಯರ್‌ಫೋನ್ ಸಿಕ್ಕಿಸಿಕೊಂಡಿದ್ದಳು. ಆಗ ಕಂಡರೂ ಕಾಣದ್ದು ಈಗ ಕಂಡಿತು.

"ಮಿಸ್ ಜೇ? ಇದೀರಾ?"

"ಇದೀನಿ," ಎಂದಳು. "ಕ್ಲಾಸಿಗೆ ಹೊತ್ತಾಯ್ತು. ನೀನು ಒಳಗೆ ಹೋಗು."

ಅವಳು ಎದ್ದು ಮುಖ ತೊಳೆದುಕೊಂಡಳು. ಬೊಟ್ಟು ಸರಿಮಾಡಿಕೊಂಡಳು. ಇವತ್ತು ಬರಲಾಗುವುದಿಲ್ಲ ಎಂದು ಎರಡು ಸಾಲು ಬರೆದು ಕಳಿಸಿದ್ದರೆ ಆಗುತ್ತಿತ್ತು. ಆದರೆ ಹಾಗೆ ಕಳಿಸಲು ಕಾರಣ ಬೇಕು. ಆ ಕಾರಣ ಹೇಳಿದರೆ ಶೆಲ್ಬಿಯ ಕೆಲಸ ಹೋಗಬಹುದು, ಗಣಿತದ ಟೀಚರ್ ಇಲ್ಲದ ಶಾಲೆ ಈ ಬೇಸಿಗೆಗೇ ಮುಚ್ಚಬಹುದು, ಫೋಟೋಗಳ ಸಾಲು ಅಲ್ಲಿಗೇ ನಿಲ್ಲಬಹುದು. ಹೀಗೆಲ್ಲ ತನಗೆ ತಾನೇ ಹೇಳಿಕೊಂಡಳು. ಅದರಡಿ ಇನ್ನೊಂದು ಇತ್ತು. ಈ ಮೇಜು, ಈ ಹೊತ್ತು ಕೈಬಿಟ್ಟರೆ ದಿನದಲ್ಲಿ ತಾನು ಎಲ್ಲಿರುವುದು ಎಂದು ಅವಳಿಗೆ ಗೊತ್ತಿರಲಿಲ್ಲ.

ಪರದೆ ಬೆಳಗಿತು. ಗುಡ್ ಮಾರ್ನಿಂಗ್ ಎಂದಳು. ಮಾಸ್ಕುಗಳ ಹಿಂದಿನಿಂದ ಏಳೆಂಟು ಗುಡ್ ಮಾರ್ನಿಂಗ್ ಬಂದವು. ಕೋಲ್ಟನ್‌ನ ಡೆಸ್ಕಿನ ಮೇಲೆ ಯಾರೋ ಒಂದು ಬೇಸ್‌ಬಾಲ್ ಟೋಪಿ ಇಟ್ಟಿದ್ದರು. ಅವಳು ಹಾಜರಿ ಕರೆದಳು. ಅವನ ಹೆಸರು ಬಂದಾಗ ಕರೆಯದೆ ಒಂದು ಉಸಿರಿನಷ್ಟು ನಿಂತು ಮುಂದೆ ಹೋದಳು. ಮಕ್ಕಳು ಅದನ್ನು ಕೇಳಿಸಿಕೊಂಡರು ಎನ್ನಿಸಿತು. ಕೆಲವರು ತಲೆ ತಗ್ಗಿಸಿದರು. ಅದೊಂದು ಕೇಳಿಸಿತಲ್ಲ ಎಂದುಕೊಂಡಳು. ಆಮೇಲೆ ಕೆಂಪು ಸ್ವೆಟರಿನ ತೋಳು ಟೀವಿಯ ಅಂಚಿನ ಕಡೆ ಬಂತು. ಅಲ್ಲಿ ತಡೆಯಿತು. ಶೆಲ್ಬಿ ಕ್ಯಾಮೆರಾದ ಕಣ್ಣಿಗೇ ನೋಡುತ್ತಿದ್ದಳು, ಅವಳ ಕಣ್ಣು ಕೆಂಪಗಿತ್ತು. ಇವತ್ತು ಮಾಡುವುದಿಲ್ಲ ಎಂದು ಹೇಳುವವಳ ಹಾಗೆ ಕೈ ಹಿಂದೆಗೆದುಕೊಂಡಳು. ಹಿಂದಿನಿಂದ ಒಬ್ಬ ಹುಡುಗ ಏನೋ ಅಂದ, ಇನ್ನೊಬ್ಬರು ನಕ್ಕರು. ಜಲಜಾಕ್ಷಿಯೇ ಮೆಲ್ಲಗೆ ತಲೆಯಾಡಿಸಿದಳು, ಪರವಾಗಿಲ್ಲ, ಮಾಡು ಎಂದು. ಶೆಲ್ಬಿಯ ಕೈ ಮತ್ತೆ ಬಂತು. ಯಾವ ಬದಲಾವಣೆಯೂ ಈ ಕಡೆ ಕಾಣಿಸಲಿಲ್ಲ. ಎಂದೂ ಕಾಣಿಸಿರಲಿಲ್ಲ.

ಅವಳು ಟ್ಯಾಬ್ಲೆಟಿನ ಮೇಲೆ ವರ್ಗಸಮೀಕರಣ ಬರೆದಳು. ಮೊದಲ ಹೆಜ್ಜೆಯನ್ನು ವಿವರಿಸಲು ಬಾಯಿ ತೆರೆದಳು. ಗಂಟಲಿನಲ್ಲಿ ದನಿ ಹುಟ್ಟುವ ಜಾಗದಲ್ಲಿ ಅವಳು ಅದನ್ನು ತಡೆದಳು. ತುಟಿಗಳು ಮಾತ್ರ ಆಡಿದವು. ನೋಡೋಣ ಎಂದು ಮೊದಲ ಸಾಲಿನ ಮಕ್ಕಳ ಮುಖ ನೋಡಿದಳು. ಯಾರೂ ತಲೆ ಎತ್ತಲಿಲ್ಲ. ಎರಡನೆಯ ಹೆಜ್ಜೆಯನ್ನೂ ಹಾಗೇ ಹೇಳಿದಳು, ಕೈ ತಿರುಗಿಸಿ, ಹುಬ್ಬೆತ್ತಿ, ಇಲ್ಲಿ ಎಚ್ಚರ ಎಂದು ಬೆರಳಾಡಿಸಿ. ಎಲ್ಲ ಎಂದಿನಂತೆಯೇ ನಡೆಯಿತು. ಡೆಸ್ಕುಗಳ ಕೆಳಗೆ ಫೋನುಗಳು ಬೆಳಗಿದವು, ಪೆನ್ಸಿಲುಗಳು ಓಡಿದವು, ಶೀಟುಗಳು ತುಂಬಿದವು. ಹೊರಗೆ ಮಂಜುಗಡ್ಡೆಯ ಮೇಲೆ ಮಕ್ಕಳು ಕಿರುಚುತ್ತಿದ್ದರು. ಪಕ್ಕದ ಕೋಣೆಯಲ್ಲಿ ದಿವಾಕರ ಯಾರದೋ ಮಾತಿಗೆ ಯಸ್ ಯಸ್ ಅನ್ನುತ್ತಿದ್ದ. ಅವಳ ಮೇಜಿನ ಸುತ್ತ ಮಾತ್ರ ಸದ್ದಿರಲಿಲ್ಲ. ದನಿ ಇಲ್ಲದೆ ಪಾಠ ಮಾಡುವುದು ಇಷ್ಟು ಸುಲಭ ಎಂದು ಅವಳಿಗೆ ಭಯವಾಯಿತು. ನಿಲ್ಲಿಸಬೇಕು ಅನ್ನಿಸಿತು, ನಿಲ್ಲಿಸಲಾಗಲಿಲ್ಲ.

ಹಿಂದೆ ಬಾಗಿಲು ಕಿರ್ರೆಂದಿತು. ಸ್ಮೃತಿ ರಜಾಯಿಯನ್ನು ಮೈಗೆ ಸುತ್ತಿಕೊಂಡು, ಬರಿಗಾಲಲ್ಲಿ, ಕಣ್ಣು ಕಿರಿದು ಮಾಡಿಕೊಂಡು ಬೆಳಕಿನಲ್ಲಿ ನಿಂತಿದ್ದಳು. ಎಷ್ಟೋ ದಿನಗಳ ಮೇಲೆ ಈ ಹೊತ್ತಿನಲ್ಲಿ ಆ ಕೋಣೆಯಿಂದ ಹೊರಗೆ ಬಂದಿದ್ದಳು.

"ಅಮ್ಮ, ಇವತ್ತು ಕ್ಲಾಸ್ ಇಲ್ವಾ? ಗೋಡೆ ಆಚೆಯಿಂದ ನಿನ್ ವಾಯ್ಸ್ ಬರ್ತಾನೇ ಇಲ್ಲ."

ಜಲಜಾಕ್ಷಿ ತಿರುಗಿದಳು. ಇದೆ ಪುಟ್ಟ, ನಡೀತಾ ಇದೆ ಎಂದಳು. ತುಟಿಗಳು ಆಡಿದವು, ದನಿ ಬರಲಿಲ್ಲ. ಮತ್ತೊಮ್ಮೆ ಹೇಳಿದಳು. ಮಗಳು ರಜಾಯಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದು, ಅಮ್ಮನ ಬಾಯನ್ನೇ ನೋಡುತ್ತ ನಿಂತಳು.